ಅರಬ್ ವಯಸ್ಕರಿಗೆ ಇಂಗ್ಲಿಷ್ ಪಠ್ಯ ಎಷ್ಟು ಕಷ್ಟ ಎಂದು ಅಳೆಯಲು ಯಾವ ಸೂತ್ರ ಒಳ್ಳೆಯದು?

ಸೌದಿಯ ಕಾರ್ಖಾನೆ, ಅಲ್ಲಿನ ಅರಬ್ ನೌಕರರು, ಇಂಗ್ಲಿಷಿನ ಸುರಕ್ಷತಾ ಕೈಪಿಡಿ, ನಿಮ್ಮ ಕೈಯಲ್ಲಿ ಫ್ಲೆಶ್-ಕಿನ್‌ಕೇಡ್ ಅಂಕ, ಅಂದರೆ ಪಠ್ಯ ಅಮೆರಿಕದ ಎಷ್ಟನೇ ತರಗತಿಯ ಮಟ್ಟದ್ದು ಎಂದು ಹೇಳುವ ಸೂತ್ರದ ಉತ್ತರ. ಗಲ್ಫಿನಲ್ಲಿ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ನಮಗೆಲ್ಲ ಪರಿಚಿತ ಸಂಗತಿ ಇದು. ನನ್ನ ಮಾತು ಕೇಳುವುದಾದರೆ ಸೂತ್ರ ಹುಡುಕುವುದನ್ನೇ ಬಿಡಿ.

ಆ ಸೂತ್ರ 1975ರಲ್ಲಿ ಅಮೆರಿಕದ ನೌಕಾಪಡೆಗಾಗಿ ಮಾಡಿದ್ದು. ವಾಕ್ಯಕ್ಕೆ ಸರಾಸರಿ ಎಷ್ಟು ಪದ ಎಂಬುದನ್ನು 0.39ರಿಂದ, ಪದಕ್ಕೆ ಎಷ್ಟು ಸಿಲಬಲ್ (ಒಂದೇ ಸಲಕ್ಕೆ ಉಚ್ಚರಿಸುವ ತುಣುಕು) ಎಂಬುದನ್ನು 11.8ರಿಂದ ಗುಣಿಸಿ, ಕೂಡಿಸಿ, 15.59 ಕಳೆಯುತ್ತದೆ. ವಾಕ್ಯಕ್ಕೆ 10 ಪದ, ಪದಕ್ಕೆ 1.3 ಸಿಲಬಲ್ ಇದ್ದರೆ ಉತ್ತರ 3.65, ಅಂದರೆ ಮೂರು-ನಾಲ್ಕನೇ ತರಗತಿ. ಪದ ಗಿಡ್ಡವಾದರೆ ಓದು ಸುಲಭ ಎಂಬ ನಂಬಿಕೆ ಅದರೊಳಗೇ ಕೂತಿದೆ. ದುಬಾರಿಯಾಗುವ ತಪ್ಪು ಇದೇ.

ದಿನಬಳಕೆಯ ಅರಬಿ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವುದಿಲ್ಲ. ಪದದ ತಿರುಳು ಹೆಚ್ಚಾಗಿ ಮೂರು ವ್ಯಂಜನಗಳಲ್ಲಿರುತ್ತದೆ, ಸ್ವರವನ್ನು ಓದುಗ ಸಂದರ್ಭ ನೋಡಿ ತುಂಬಿಕೊಳ್ಳುತ್ತಾನೆ. ಅದೇ ಅಭ್ಯಾಸ ಇಂಗ್ಲಿಷಿಗೂ ಬರುತ್ತದೆ. ಮೀಟರ್, ಮೋಟರ್, ಮ್ಯಾಟರ್ ಮೂರೂ ಮ-ಟ-ರ. ಪೈಲಟ್, ಪ್ಲೇಟ್, ಪೊಲೈಟ್ ಮೂರೂ ಪ-ಲ-ಟ. ಪದ ಗಿಡ್ಡವಾದಷ್ಟೂ ಇಂಥ ಜೋಡಿಗಳು ಹೆಚ್ಚು, ಮೀಟರನ್ನು ಮೋಟರ್ ಎಂದು ಓದುವ ಅಪಾಯವೂ ಹೆಚ್ಚು. 'ಕಟ್ ಆಫ್', 'ಪುಟ್ ಔಟ್' ಥರದ ಜೋಡಿ ಕ್ರಿಯಾಪದಗಳೂ ಸೂತ್ರದ ಲೆಕ್ಕದಲ್ಲಿ ಸಲೀಸು, ಓದುಗನಿಗೆ ಮಾತ್ರ ಒಗಟು. ಟೆಲಿವಿಷನ್, ಪೆಟ್ರೋಲಿಯಂ ನಾಲ್ಕು ಸಿಲಬಲ್ ಎಂದು ದಂಡ ತೆರುತ್ತವೆ, ಆದರೆ ಅವನ್ನು ಹೋಲುವ ಪದಗಳು ಅರಬಿಯಲ್ಲೇ ಇವೆ. ನಾವು ಕನ್ನಡಿಗರು ಇಲ್ಲಿ ಇನ್ನೂ ಹುಷಾರಾಗಿರಬೇಕು: ಕಾಗುಣಿತದಲ್ಲಿ ಪ್ರತಿ ಸ್ವರವನ್ನೂ ಬರೆದು ಬೆಳೆದ ನಮ್ಮ ಕಣ್ಣಿಗೆ ಈ ತೊಡಕು ಕಾಣುವುದೇ ಇಲ್ಲ.

ಬದಲಿಗೆ ಕ್ಲೋಝ್ ಪರೀಕ್ಷೆ ಮಾಡಿ. 1953ರಲ್ಲಿ ವಿಲ್ಸನ್ ಟೇಲರ್ ಕೊಟ್ಟ ವಿಧಾನ, ನಮ್ಮ ಶಾಲೆಯ 'ಬಿಟ್ಟ ಸ್ಥಳ ತುಂಬಿ'ಯ ಕಟ್ಟುನಿಟ್ಟಾದ ರೂಪ. ಸುಮಾರು 300 ಪದಗಳ ಭಾಗ ಆರಿಸಿ. ಮೊದಲ ಮತ್ತು ಕೊನೆಯ ವಾಕ್ಯ ಮುಟ್ಟಬೇಡಿ. ನಡುವೆ ಪ್ರತಿ ಐದನೇ ಪದ ತೆಗೆದು 50 ಖಾಲಿ ಜಾಗ ಮಾಡಿ, ಎಲ್ಲಕ್ಕೂ ಒಂದೇ ಉದ್ದದ ಗೆರೆ. ಇಂಥದ್ದೇ ಪದ ತೆಗೆಯೋಣ ಎಂದು ಆರಿಸಲು ಹೋಗಬೇಡಿ, ಹೋದರೆ ಪಠ್ಯದ ಬದಲು ನಿಮ್ಮ ಆಯ್ಕೆಯನ್ನು ಅಳೆದಂತಾಗುತ್ತದೆ. ಗಡಿಯಾರ ಹಿಡಿದು ನಿಲ್ಲಬೇಡಿ.

ಮೂಲದಲ್ಲಿದ್ದ ಪದಕ್ಕೆ ಮಾತ್ರ ಅಂಕ ಕೊಡಿ, ಸ್ಪೆಲ್ಲಿಂಗ್ ತಪ್ಪಿಗೆ ಕಳೆಯಬೇಡಿ. ಸ್ವರ ಬಿಟ್ಟು ಬರೆದವನಿಗೆ ಸೊನ್ನೆ ಕೊಟ್ಟರೆ ಓದಿನ ಪರೀಕ್ಷೆ ಬರವಣಿಗೆಯ ಪರೀಕ್ಷೆಯಾಗುತ್ತದೆ. 'ಈಸ್', 'ಎ' ಥರದ ಪದಗಳ ಖಾಲಿ ಜಾಗಗಳನ್ನು ಬೇರೆ ಎಣಿಸಿ. ಅರಬಿಯ ವರ್ತಮಾನ ಕಾಲದಲ್ಲಿ 'ಈಸ್'ಗೆ ಸಮನಾದ ಪದವಿಲ್ಲ, 'ಎ'ಗೂ ಇಲ್ಲ. ತಪ್ಪೆಲ್ಲ ಅಲ್ಲೇ ಇದ್ದರೆ ಕಷ್ಟ ವ್ಯಾಕರಣದ್ದು, ಕೈಪಿಡಿಯದ್ದಲ್ಲ.

ಓದಿನ ಸಂಶೋಧಕ ಬೋರ್ಮತ್ ಅವರ ಪ್ರಸಿದ್ಧ ಗಡಿಗೆರೆಗಳು ಶೇ 44 ಮತ್ತು 57: ಅಂಕ 44ಕ್ಕಿಂತ ಕೆಳಗಿದ್ದರೆ ಪಠ್ಯ ತೀರಾ ಕಷ್ಟ, 57ಕ್ಕಿಂತ ಮೇಲಿದ್ದರೆ ಸ್ವಂತವಾಗಿ ಓದಬಹುದು. ಅವು ಅಮೆರಿಕದ ಶಾಲಾ ಮಕ್ಕಳಿಂದ ಬಂದವು, ನಿಮ್ಮವರಿಗೆ ಹಾಗೇ ಹಚ್ಚಬೇಡಿ. ಅವರು ಈಗಾಗಲೇ ಓದಿ ಸರಿಯಾಗಿ ಪಾಲಿಸುತ್ತಿರುವ ಒಂದು ಸೂಚನಾ ಹಾಳೆಗೂ ಇದೇ ಪರೀಕ್ಷೆ ಮಾಡಿ, ಆ ಅಂಕವೇ ನಿಮ್ಮ ಗೆರೆಯಾಗಲಿ. ಜೊತೆಗೆ ಓದಿದ್ದನ್ನು ಅರಬಿಯಲ್ಲೇ ಹೇಳಿಸಿ, ಭಾಷೆ ಬಲ್ಲ ಸಹೋದ್ಯೋಗಿ ಪಕ್ಕದಲ್ಲಿರಲಿ. ಪರೀಕ್ಷೆಗೆ ಬರೀ ಎಲೆಕ್ಟ್ರಿಷಿಯನ್‌ಗಳ ಗುಂಪನ್ನೇ ಕೂರಿಸಬೇಡಿ. ವಿದ್ಯುತ್ತಿನ ಪಾಠವನ್ನು ಅವರು ಅನುಭವದಿಂದಲೇ ತುಂಬಿಬಿಡುತ್ತಾರೆ.

ಮೇಲಿನವರು ಸೂತ್ರದ ಅಂಕಿಯೇ ಬೇಕೆಂದು ಪಟ್ಟು ಹಿಡಿದರೆ, ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯುವವರಿಗೆಂದು ಮಾಡಿದ ಮಿಯಾಝಾಕಿ ಸೂಚ್ಯಂಕ ಕೊಡಿ. 164.935ರಿಂದ, ಪದಕ್ಕೆ ಸರಾಸರಿ ಇಂಗ್ಲಿಷ್ ಅಕ್ಷರಗಳ 18.792 ಪಟ್ಟನ್ನೂ ವಾಕ್ಯಕ್ಕೆ ಸರಾಸರಿ ಪದಗಳ 1.916 ಪಟ್ಟನ್ನೂ ಕಳೆಯಬೇಕು. ಅಂಕ ಹೆಚ್ಚಿದಷ್ಟೂ ಸುಲಭ. ಅದು ಜಪಾನಿನ ವಿದ್ಯಾರ್ಥಿಗಳ ಮೇಲೆ ಕಟ್ಟಿದ್ದು, ಮೀಟರ್-ಮೋಟರ್ ಗೊಂದಲ ಅದಕ್ಕೂ ಕಾಣದು.