ನೂರು ಮೊಟ್ಟೆ, ಒಂದು ಮೋಲ್

ಮೊದಲ ಇಂಟರ್ನಲ್ಸ್ (ಕಾಲೇಜಿನ ಒಳಪರೀಕ್ಷೆ) ಮುಗಿದ ವಾರ ಈ ಕೆಮಿಸ್ಟ್ರಿ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬೇರೆ. ಈ ಸಲ ಒಂದು ಕಟ್ಟು ಬಂದಿದೆ. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ. ನಾಲ್ಕು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಚಿಕ್ಕಬಳ್ಳಾಪುರದಲ್ಲಿ ಮೊದಲ ವರ್ಷದ ಎಂಜಿನಿಯರಿಂಗ್ ಓದುತ್ತಿದ್ದೇನೆ. ಈಗ ಕೆಮಿಸ್ಟ್ರಿ ಸೈಕಲ್, ಅಂದರೆ ಕೆಮಿಸ್ಟ್ರಿ ಇರುವ ಸೆಮಿಸ್ಟರ್. ಊರು ಶಿಡ್ಲಘಟ್ಟದ ಹತ್ತಿರ, ಮನೆಯಲ್ಲಿ ರೇಷ್ಮೆ. ಪಿಯುಸಿಯಿಂದಲೂ ಮೋಲ್ ಅಂದರೆ ಏನು ಅಂತ ತಲೆಗೆ ಹತ್ತಿಲ್ಲ. ಲಿಮಿಟಿಂಗ್ ರಿಯೇಜೆಂಟ್ (ಕ್ರಿಯೆಯಲ್ಲಿ ಮೊದಲು ಮುಗಿಯುವ ವಸ್ತು) ಲೆಕ್ಕ ಬಂದರಂತೂ ಕೈ ನಡುಗುತ್ತದೆ. ಸೂತ್ರ ಬಾಯಿಪಾಠ ಮಾಡಿದರೂ ತಪ್ಪಾಗುತ್ತದೆ.

ಉತ್ತರ: ರೇಷ್ಮೆ ಮನೆ ಹುಡುಗಿ ಮೋಲ್ ಗೊತ್ತಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಈ ಬೆಳೆಗೆ ಎಷ್ಟು ಅಂತ ನಿಮ್ಮಪ್ಪನನ್ನು ಕೇಳು. "ನೂರು ಮೊಟ್ಟೆ" ಅನ್ನುತ್ತಾರೆ. ಮನೆಯಲ್ಲಿ ನೂರೇ ಹುಳು ಇದೆಯಾ? ಒಂದು ಚಿಟ್ಟೆ ಇಟ್ಟಿದ್ದಷ್ಟಕ್ಕೂ ಸೇರಿಸಿ ನಮ್ಮ ಕಡೆ ಒಂದು ಮೊಟ್ಟೆ ಅಂತಾರೆ. ಅದರೊಳಗೆ ಸುಮಾರು 400ರಿಂದ 500 ಇರುತ್ತವೆ. ನೂರು ಮೊಟ್ಟೆ ಅಂದರೆ 40-50 ಸಾವಿರ ಹುಳು. ಕೂತು ಎಣಿಸುವವರು ಯಾರೂ ಇಲ್ಲ. ಅದಕ್ಕೇ ದೊಡ್ಡ ಲೆಕ್ಕಕ್ಕೆ ಒಂದು ಹೆಸರು ಇಟ್ಟುಕೊಂಡಿದ್ದಾರೆ.

ಮೋಲ್ ಕೂಡ ಅಣುಗಳ ಲೆಕ್ಕಕ್ಕೆ ಇಟ್ಟ ಅಂಥದ್ದೇ ಒಂದು ಹೆಸರು. 400ರ ಬದಲು 6.022×10²³. ಸಂಖ್ಯೆ ನೋಡಿ ಹೆದರಬೇಡ. ಇಟಲಿಯ ವಿಜ್ಞಾನಿ ಅವೊಗಾಡ್ರೊ ಹೆಸರು ಅದಕ್ಕೆ ಅಂಟಿದೆಯಲ್ಲ, ಆ ಸಂಖ್ಯೆ ಎಷ್ಟು ಅಂತ ಆತನಿಗೇ ಗೊತ್ತಿರಲಿಲ್ಲ. ಆತ ತೀರಿಕೊಂಡಿದ್ದು 1856ರಲ್ಲಿ. ಫ್ರಾನ್ಸಿನ ವಿಜ್ಞಾನಿ ಪೆರಿನ್ ಆ ಹೆಸರು ಇಟ್ಟಿದ್ದು 1909ರಲ್ಲಿ.

ಇನ್ನು ತೂಕದ ಮಾತು. ಮಾರ್ಕೆಟ್ಟಿನಲ್ಲಿ ಗೂಡು ಎಣಿಸಿ ಕೊಡುತ್ತಾರಾ? ತೂಗುತ್ತಾರೆ. ಒಂದು ಗೂಡು ಸುಮಾರು ಒಂದೂವರೆಯಿಂದ ಎರಡು ಗ್ರಾಂ ಅಂತ ಗೊತ್ತಿದ್ದರೆ, 70 ಕೆಜಿ ತೂಗಿದಾಗ ಎಷ್ಟು ಗೂಡು ಅಂತ ಕೂತಲ್ಲೇ ಹೇಳಬಹುದು. ಅಣುಗಳನ್ನೂ ಹಾಗೇ ತೂಗಿ ಎಣಿಸುತ್ತೇವೆ. ನೀರು 18 ಗ್ರಾಂ ಇದ್ದರೆ ಒಂದು ಮೋಲ್, 36 ಗ್ರಾಂ ಇದ್ದರೆ ಎರಡು. "ಗ್ರಾಂ ಭಾಗಿಸು ಮೋಲಾರ್ ಮಾಸ್" ಅಂತ ಬಾಯಿಪಾಠ ಮಾಡಿದ್ದೀಯಲ್ಲ, ಅದು ತಕ್ಕಡಿಯವನ ಲೆಕ್ಕ. ಮೋಲಾರ್ ಮಾಸ್ ಅಂದರೆ ಒಂದು ಮೋಲಿನ ತೂಕ.

ಲಿಮಿಟಿಂಗ್ ರಿಯೇಜೆಂಟ್ ನಿನಗೆ ಇನ್ನೂ ಚೆನ್ನಾಗಿ ಗೊತ್ತು. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಹುಳು ಹೇಗೆ ಮೇಯುತ್ತೆ ಅಂತ ನೋಡಿದ್ದೀಯ. ಒಟ್ಟು ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ಖಾಲಿ. ತೋಟದಲ್ಲಿ ನೂರು ಮೊಟ್ಟೆಗೆ ಆಗುವಷ್ಟು ಸೊಪ್ಪಿದ್ದು, ಆಸೆಗೆ ನೂರೈವತ್ತು ತಂದರೆ ಗೂಡು ಎಷ್ಟರದು ಬರುತ್ತೆ? ಅಲ್ಲಿ ಹುಳು ಹೆಚ್ಚು, ಸೊಪ್ಪು ಮಿತಿ. ಹುಳು ಉಪವಾಸ ಬಿದ್ದು ಇರುವ ಗೂಡೂ ಕೆಡುತ್ತೆ ಅನ್ನೋದು ಬೇರೆ ಮಾತು. ಅಣುಗಳಿಗೆ ಆ ಕಷ್ಟ ಇಲ್ಲ, ಮಿಕ್ಕಿದ್ದು ಸುಮ್ನೆ ಉಳಿಯುತ್ತೆ.

ಈಗ ಲೆಕ್ಕ ಮಾಡು. 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್. ಎಷ್ಟು ನೀರು? ಕ್ಲಾಸಿನಲ್ಲಿ ಅರ್ಧ ಜನ "ಹೈಡ್ರೋಜನ್ ಕಮ್ಮಿ ಇದೆ, ಅದೇ ಮೊದಲು ಮುಗಿಯುತ್ತೆ" ಅನ್ನುತ್ತಾರೆ. ನಾನೂ ಮೊದಲ ವರ್ಷದಲ್ಲಿ ಹಾಗೇ ಬರೆದು ಸೊನ್ನೆ ತಗೊಂಡವಳು. ಗ್ರಾಂ ನೋಡಿ ಮೋಸ ಹೋಗಬೇಡ, ಎಣಿಸು. ಹೈಡ್ರೋಜನ್ 2 ಗ್ರಾಮಿಗೆ ಒಂದು ಮೋಲ್, ಅಲ್ಲಿಗೆ ಐದು. ಆಕ್ಸಿಜನ್ 32 ಗ್ರಾಮಿಗೆ ಒಂದು, ಅಲ್ಲಿಗೆ ಎರಡು. ಒಂದು ಆಕ್ಸಿಜನ್ನಿಗೆ ಎರಡು ಹೈಡ್ರೋಜನ್ ಬೇಕು. ಎರಡಕ್ಕೆ ನಾಲ್ಕು ಖರ್ಚು. ಐದರಲ್ಲಿ ಒಂದು ಉಳಿಯಿತು. 64 ಗ್ರಾಂ ಇದ್ದ ಆಕ್ಸಿಜನ್ನೇ ಮೊದಲು ಮುಗಿದದ್ದು! ನೀರು ನಾಲ್ಕು ಮೋಲ್, 72 ಗ್ರಾಂ. ಉಳಿದ ಹೈಡ್ರೋಜನ್ 2 ಗ್ರಾಂ. ಕೂಡಿ ನೋಡು, 74 ಬರಬೇಕು. ಬರದಿದ್ದರೆ ಎಲ್ಲೋ ಎಡವಿದ್ದೀಯ.

ಪ್ರಶ್ನೆ: ನಾನು ಸಿವಿಲ್ ವಿದ್ಯಾರ್ಥಿ, ಚಿಂತಾಮಣಿ ಕಡೆಯವನು. ನೀರಿನ ಗಡಸುತನದ ಪ್ರಯೋಗಕ್ಕೆ ಮನೆ ಬೋರ್ ನೀರನ್ನೇ ಬಾಟಲಿಯಲ್ಲಿ ತಗೊಂಡು ಹೋಗಿದ್ದೆ. ಕ್ಯಾಲ್ಸಿಯಂ ಹಿಡಿಯುವ ಇಡಿಟಿಎ ದ್ರಾವಣ ಹಾಕುತ್ತಾ ಹೋದರೂ ಬಣ್ಣ ನೇರಳೆಯಲ್ಲೇ ನಿಂತುಬಿಡುತ್ತದೆ, ನೀಲಿ ಆಗುವುದಿಲ್ಲ. ಇನ್ನೊಂದು ಅನುಮಾನ. ನೀರಿನಲ್ಲಿ ಮ್ಯಾಗ್ನೀಸಿಯಂ ಕೂಡ ಇದೆ. ಉತ್ತರ ಮಾತ್ರ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲೇ ಯಾಕೆ?

ಉತ್ತರ: ಮೊದಲು ಬಫರ್ (ಆಮ್ಲ-ಕ್ಷಾರದ ಮಟ್ಟ ಬದಲಾಗದ ಹಾಗೆ ಕಾಯುವ ದ್ರಾವಣ) ಬಾಟಲಿ ಮುಚ್ಚಳ ತೆಗೆದು ದೂರದಿಂದ ವಾಸನೆ ನೋಡಪ್ಪ. ಅಮೋನಿಯಾದ ಘಾಟು ಮೂಗಿಗೆ ಬಡಿಯಬೇಕು. ಬಡಿಯಲಿಲ್ಲ ಅಂದರೆ ಯಾರೋ ಬಾಟಲಿ ತೆರೆದಿಟ್ಟಿದ್ದಾರೆ, ಅಮೋನಿಯಾ ಹಾರಿಹೋಗಿದೆ. ಪಿಎಚ್ 10ರ ಹತ್ತಿರ ಇದ್ದರೆ ಮಾತ್ರ ಆ ಬಣ್ಣ ಸರಿಯಾಗಿ ತಿರುಗುತ್ತದೆ. ಇಡಿಟಿಎ ಕ್ಯಾಲ್ಸಿಯಂ ಹಿಡಿದುಕೊಂಡಾಗಲೆಲ್ಲ ಆಮ್ಲದ ಅಂಶವನ್ನು ನೀರಿಗೆ ಬಿಡುತ್ತದೆ. ಅದನ್ನು ನುಂಗಲು ಬಫರ್ ಬೇಕು. ಓದುವ ಕಾಲದಲ್ಲಿ ನಾನು ಬಫರ್ ಹಾಕುವುದನ್ನೇ ಮರೆತಿದ್ದೆ. ಬ್ಯುರೆಟ್ ಖಾಲಿಯಾದರೂ ಕೆಂಪು ಹೋಗಲಿಲ್ಲ. ಲ್ಯಾಬ್ ಅಟೆಂಡರ್ ಬಂದು ಬರೀ ಮೂಸಿ ನೋಡಿ ತಪ್ಪು ಹೇಳಿದರು.

ಇನ್ನೊಂದು, ಬಣ್ಣ ತೋರಿಸುವ ಇಂಡಿಕೇಟರ್ ಜಾಸ್ತಿ ಸುರಿಯಬೇಡ. ಎರಡು ಮೂರು ಹನಿ ಸಾಕು. ಕೊನೆಕೊನೆಗೆ ಹನಿಹನಿಯಾಗಿ ಬಿಟ್ಟು ಫ್ಲಾಸ್ಕ್ ತಿರುಗಿಸುತ್ತಾ ಇರು. ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಮೊದಲು ಇಂಡಿಕೇಟರ್ ಕೈ ಹಿಡಿದಿರುತ್ತವೆ, ಅದು ವೈನ್ ಕೆಂಪು. ಇಡಿಟಿಎ ಹಿಡಿತ ಅದಕ್ಕಿಂತ ಗಟ್ಟಿ. ಬಂದು ಕಿತ್ತುಕೊಳ್ಳುತ್ತದೆ. ಇಂಡಿಕೇಟರ್ ಪೂರ್ತಿ ಒಂಟಿಯಾದಾಗ ನೀಲಿ. ನೀನು ನಿಂತ ನೇರಳೆ ಅಂದರೆ ಕೆಲವು ಇನ್ನೂ ಕೈ ಬಿಟ್ಟಿಲ್ಲ.

ಕಾರ್ಬೊನೇಟ್ ಯಾಕೆ ಅನ್ನೋದಕ್ಕೆ ದೊಡ್ಡ ರಹಸ್ಯ ಏನಿಲ್ಲ, ಲೆಕ್ಕಕ್ಕೆ ಸುಲಭ. ಅದರ ಮೋಲಾರ್ ಮಾಸ್ 100. ಇಡಿಟಿಎ ಕ್ಯಾಲ್ಸಿಯಂ ಆದರೂ ಸರಿ, ಮ್ಯಾಗ್ನೀಸಿಯಂ ಆದರೂ ಸರಿ, ಒಂದಕ್ಕೆ ಒಂದೇ ಹಿಡಿಯುತ್ತದೆ. ಎರಡನ್ನೂ ಒಂದೇ ನಾಣ್ಯದಲ್ಲಿ ಲೆಕ್ಕ ಬರೆದ ಹಾಗೆ. 0.01 ಮೋಲಾರ್ (ಲೀಟರಿಗೆ 0.01 ಮೋಲ್) ಇಡಿಟಿಎ ಒಂದು ಮಿ.ಲೀ. ಖರ್ಚಾದರೆ 1 ಮಿ.ಗ್ರಾಂ ಕಾರ್ಬೊನೇಟ್. 25 ಮಿ.ಲೀ. ನೀರಿಗೆ 9 ಮಿ.ಲೀ. ಹೋಯಿತು ಅನ್ನು. 9 ಮಿ.ಗ್ರಾಂ. ಲೀಟರಿಗೆ ನಲವತ್ತು ಪಟ್ಟು, 360 ಮಿ.ಗ್ರಾಂ. ಕುಡಿಯುವ ನೀರಿಗೆ ನಮ್ಮ ದೇಶದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ ಹೇಳೋದು 200. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ.

ನಿಮ್ಮಮ್ಮನಿಗೆ ಈ ಹನಿ ಲೆಕ್ಕದ ಟೈಟ್ರೇಷನ್ ಬೇಕಿಲ್ಲ ನೋಡು. ಬೋರ್ ನೀರಲ್ಲಿ ತೊಗರಿಬೇಳೆ ಬೇಯಲ್ಲ ಅಂತ ಚಿಟಿಕೆ ಸೋಡಾ ಹಾಕುತ್ತಾರೆ, ಅಲ್ವಾ? ಬೇಳೆಯ ಕೋಶಗಳನ್ನು ಅಂಟಿಸಿಡುವ ಪೆಕ್ಟಿನ್ನನ್ನು ಕ್ಯಾಲ್ಸಿಯಂ ಬಿಗಿಯಾಗಿ ಕಟ್ಟಿಹಾಕುತ್ತದೆ. ಸೋಡಾ ಹಾಕಿ ಕುದಿಸಿದರೆ ಸ್ವಲ್ಪ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕೆ ಕೂರುತ್ತದೆ, ಕ್ಷಾರದ ನೀರಲ್ಲಿ ಪೆಕ್ಟಿನ್ನೂ ಬೇಗ ಬಿಡುತ್ತದೆ. ನಮ್ಮ ತವರಿನಲ್ಲಿ ರೀಲಿಂಗ್, ಅಂದರೆ ಗೂಡಿನಿಂದ ನೂಲು ತೆಗೆಯುವ ಕೆಲಸ, ಇತ್ತು. ಗೂಡು ಬೇಯಿಸಲು ಅಮ್ಮ ಮಳೆ ನೀರು ಹಿಡಿದಿಡುತ್ತಿದ್ದರು, ಬೋರ್ ನೀರಲ್ಲಿ ನೂಲು ಒರಟಾಗುತ್ತೆ ಅಂತ. ಕೆಮಿಸ್ಟ್ರಿ ಎಂಎಸ್ಸಿ ನಾನು, ಆಕೆ ನಾಲ್ಕನೇ ಕ್ಲಾಸು.

ಪ್ರಶ್ನೆ: ಕಂಪ್ಯೂಟರ್ ಸೈನ್ಸ್‌ನವರಿಗೆ ಈ ಕೆಮಿಸ್ಟ್ರಿ ಯಾಕೆ ಬೇಕು?

ಉತ್ತರ: ಪ್ರತಿ ವರ್ಷ ಬರುವ ಪ್ರಶ್ನೆ. ಕೋಡ್ ಬರೆಯೋಕೆ ಬೇಡ, ನಿಜ ಒಪ್ಪಿಕೊಳ್ಳುತ್ತೇನೆ. ಆದರೆ ನೀನು ಈ ಪ್ರಶ್ನೆ ಟೈಪ್ ಮಾಡಿದ ಫೋನಿನಲ್ಲಿ ಲೀಥಿಯಂ ಅಯಾನ್ ಬ್ಯಾಟರಿ ಇದೆ. ಗೋಡೆ ಗಡಿಯಾರದ ಸೆಲ್ 1.5 ವೋಲ್ಟ್, ಇದು ಒಂದೇ ಸೆಲ್ಲಿನಲ್ಲಿ ಸುಮಾರು 3.7 ವೋಲ್ಟ್. ಆ ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದು ನೀನು ಬಿಟ್ಟಿರುವ ಎಲೆಕ್ಟ್ರೋಡ್ ಪೊಟೆನ್ಷಿಯಲ್ ಪಾಠದಲ್ಲಿದೆ. ಆ ಬ್ಯಾಟರಿ ಕೆಲಸಕ್ಕೆ 2019ರಲ್ಲಿ ಮೂವರಿಗೆ ನೊಬೆಲ್ ಬಂತು. ಅವರಲ್ಲಿ ಗುಡ್‌ಇನಫ್‌ಗೆ ಆಗ 97 ವರ್ಷ. ನಿನಗೆ ಇನ್ನೂ ಟೈಮಿದೆ.

ಪ್ರಶ್ನೆ: ಮೇಡಂ ಅವರೇ, ನಾನು ರೇಷ್ಮೆ ರೈತ. ಮಗನ ಪತ್ರಿಕೆಯಲ್ಲಿ ನಿಮ್ಮ ಅಂಕಣ ಓದುತ್ತೇನೆ. ಹುಳು ಮನೆ ತೊಳೆಯಲು ತಂದ ಬ್ಲೀಚಿಂಗ್ ಪೌಡರ್ ಮೂಟೆ ಹೋದ ವರ್ಷದ್ದು ಉಳಿದಿದೆ. ವಾಸನೆ ಅಷ್ಟಾಗಿ ಇಲ್ಲ. ಡಬಲ್ ಹಾಕಿದರೆ ನಡೆಯುತ್ತದಾ? ಜೊತೆಗೆ ಸುಣ್ಣ ಯಾಕೆ ಬೆರೆಸಬೇಕು?

ಉತ್ತರ: ಡಬಲ್ ಹಾಕಬೇಡಿ ಯಜಮಾನರೇ, ಲೆಕ್ಕ ಸಿಗುವುದಿಲ್ಲ. ಒಳ್ಳೆ ಪೌಡರಿನಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಸುಮಾರು 30 ಪರ್ಸೆಂಟ್. ಮೂಟೆ ಬಾಯಿ ಬಿಟ್ಟಿದ್ದರೆ ತೇವ, ಗಾಳಿ ಸೇರಿ ಅದು ದಿನಾ ಸ್ವಲ್ಪ ಸ್ವಲ್ಪ ಹೋಗುತ್ತದೆ. ನಿಮ್ಮ ಮೂಟೆಯಲ್ಲಿ ಈಗ 15 ಇದೆಯೋ 5 ಇದೆಯೋ ಕಣ್ಣಿಗೆ ಕಾಣಲ್ಲ. ಅದನ್ನು ಚರಂಡಿಗೆ ಹಾಕಿ, ಹುಳು ಮನೆಗೆ ಹೊಸದು ತನ್ನಿ. ಒಂದು ಬೆಳೆ ಹೋದರೆ ಆಗುವ ನಷ್ಟದ ಮುಂದೆ ಒಂದು ಮೂಟೆ ಯಾವ ಲೆಕ್ಕ?

ಸುಣ್ಣ ದ್ರಾವಣವನ್ನು ಕ್ಷಾರವಾಗಿ ಇಡುತ್ತದೆ, ಕ್ಲೋರಿನ್ ಬೇಗ ಹಾರದ ಹಾಗೆ ತಡೆಯುತ್ತದೆ. 2 ಪರ್ಸೆಂಟ್ ಪೌಡರ್, 0.3 ಪರ್ಸೆಂಟ್ ಅರಳಿದ ಸುಣ್ಣ. ಅಂದರೆ 100 ಲೀಟರ್ ನೀರಿಗೆ 2 ಕೆಜಿ ಪೌಡರ್, 300 ಗ್ರಾಂ ಸುಣ್ಣ. ಆಗಿಂದಾಗಲೇ ಕಲಸಿ ಆಗಲೇ ಹೊಡೆಯಿರಿ, ನಾಳೆಗೆ ಇಡಬೇಡಿ. ಬಾತ್‌ರೂಂ ತೊಳೆಯುವ ಆಸಿಡ್ ಜೊತೆ ಮಾತ್ರ ಯಾವ ಕಾರಣಕ್ಕೂ ಸೇರಿಸಬೇಡಿ. ಕ್ಲೋರಿನ್ ಅನಿಲ ಒಂದೇ ಸಲಕ್ಕೆ ಎದ್ದು ಉಸಿರು ಕಟ್ಟಿಸುತ್ತದೆ. ಹೊಸ ಮೂಟೆ ತಂದ ದಿನವೇ ಮುಚ್ಚಳ ಬಿಗಿ ಇರುವ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು, ಮೇಲೆ ತಾರೀಖು ಬರೆಯಲು ಮಗನಿಗೆ ಹೇಳಿ.