ಉಳ್ಳಾಗಡ್ಡಿ ಸಿಪ್ಪೆಯ ಕಷಾಯ ಮತ್ತು ನಿಮ್ಮ ಮನೆಯವರ ಗುಳಿಗೆ

ಕೊಲ್ಹಾರದ ಹತ್ತಿರದ ಹಳ್ಳಿಯಿಂದ ಓದುಗರೊಬ್ಬರು ಬರೆದಿದ್ದಾರೆ: “ಹೋದ ಸಂಚಿಕೆಯೊಳಗ ‘ಅಡುಗೆಮನೆಯಲ್ಲೇ ಇದೆ ಮನಸ್ಸಿನ ಮದ್ದು’ ಅಂತ ಹಾಕಿದ್ರಿ. ನಮ್ಮ ಮನಿಯವರು ನಾಕು ತಿಂಗಳಿಂದ ಮನಸ್ಸಿನ ಡಾಕ್ಟರ್ ಕೊಟ್ಟ ಗುಳಿಗಿ ತಗೋತಾರ. ಈಗ ನಿದ್ದಿ ಹತ್ತತೈತಿ, ಹೊಲಕ್ಕೂ ಹೊಂಟಾರ. ನಿಮ್ಮ ಲೇಖನ ಓದಿದ ಮ್ಯಾಲೆ, ಗುಳಿಗಿ ಸಾಕು, ಉಳ್ಳಾಗಡ್ಡಿ ಸಿಪ್ಪಿ ಕುದಿಸಿ ಕುಡಿತೀನಿ ಅನ್ನಾಕತ್ತಾರ. ಕುಡಿಸ್ಲೇನ್ರಿ?”

ಅಕ್ಕಾರೆ, ಬೇಡ. ಗುಳಿಗೆ ನಿಲ್ಲಿಸಲು ಬಿಡಬೇಡಿ.

ಆ ತಲೆಬರಹ ಕೊಟ್ಟವನು ನಾನು. ಉಳ್ಳಾಗಡ್ಡಿ ಸಿಪ್ಪೆಯಂಥವುಗಳಲ್ಲಿರುವ ಪದಾರ್ಥಗಳ ಬಗ್ಗೆ ಲೇಖಕರು ಬರೆದದ್ದು ಪ್ರಯೋಗಶಾಲೆಯಲ್ಲಿ ಕಂಡ ಸಂಗತಿ. ಅದಕ್ಕೆ ಮದ್ದು ಎಂಬ ಹೆಸರಿಟ್ಟದ್ದು ನನ್ನ ತಪ್ಪು. ನಿಮ್ಮ ಪತ್ರ ಓದಿದಾಗ ಆ ತಪ್ಪಿನ ಭಾರ ತಿಳಿಯಿತು. ಗುಣ ಕಂಡ ಮೇಲೂ ಖಿನ್ನತೆಯ ಗುಳಿಗೆಗಳನ್ನು ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. ಥಟ್ಟನೆ ಬಿಟ್ಟರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು, ತಲೆಯೊಳಗೆ ಕರೆಂಟು ಹೊಡೆದಂತೆ ಆಗುವುದು, ಇವೆಲ್ಲ ಬರಬಹುದು. ಹಳೆಯ ಖಿನ್ನತೆಯೂ ಮರಳಬಹುದು. ಬಿಡುವ ದಿನ ಬಂದಾಗ ಡಾಕ್ಟರೇ ಹಂತಹಂತವಾಗಿ ಇಳಿಸುತ್ತಾರೆ.

ಲೇಖನದಲ್ಲಿ ಇದ್ದದ್ದು ಸುಳ್ಳಲ್ಲ. ಉಳ್ಳಾಗಡ್ಡಿಯ ಹೊರಗಿನ ತಾಮ್ರಬಣ್ಣದ ಒಣ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿ. ಆ ಬಣ್ಣದಲ್ಲಿ ಫ್ಲೇವನಾಯ್ಡ್ ಎಂಬ ಸಸ್ಯಜನ್ಯ ರಾಸಾಯನಿಕಗಳ ಪಾಲಿದೆ. ಅವುಗಳಲ್ಲಿ ಕ್ವೆರ್ಸೆಟಿನ್ ಎಂಬುದು ಹೊರಪದರಗಳಲ್ಲೇ ದಟ್ಟವಾಗಿದ್ದು, ಒಳಗಿನ ಬಿಳಿ ತಿರುಳಿಗೆ ಹೋದಷ್ಟೂ ಕಡಿಮೆಯಾಗುತ್ತದೆ. ನಾವು ರೊಟ್ಟಿಯ ಜೊತೆ ಉಳ್ಳಾಗಡ್ಡಿ ಗುದ್ದಿ ತಿನ್ನುವಾಗ ಎರಡು ಪದರ ಹೆಚ್ಚಾಗಿ ಸುಲಿದು ಎಸೆದರೆ ಅದರ ದೊಡ್ಡ ಪಾಲು ಎಸೆದಂತೆಯೇ. ಇನ್ನೊಂದು ಎಪಿಜೆನಿನ್, ಸೇವಂತಿಗೆಯ ಬಳಗದ ಕ್ಯಾಮೊಮೈಲ್ ಹೂವಿನಲ್ಲಿದೆ. ನಮ್ಮ ಮಿದುಳಿನ ಓಟಕ್ಕೆ ಲಗಾಮು ಹಾಕುವ ಗಾಬಾ ಎಂಬ ರಾಸಾಯನಿಕವಿದೆ. ಆತಂಕ ತಗ್ಗಿಸುವ ಡಯಾಜೆಪಾಮ್‌ನಂಥ ಗುಳಿಗೆ ಗಾಬಾದ ಗ್ರಾಹಕದಲ್ಲಿ, ಅಂದರೆ ಗಾಬಾವನ್ನು ಹಿಡಿದುಕೊಳ್ಳುವ ಜೀವಕೋಶದ ಭಾಗದಲ್ಲಿ, ಎಲ್ಲಿ ಹೋಗಿ ಕೂರುತ್ತದೋ ಅಲ್ಲೇ ಎಪಿಜೆನಿನ್ ಕೂಡ ಕೂರಬಲ್ಲದು ಎಂದು ಪ್ರಯೋಗಗಳಲ್ಲಿ ಕಂಡಿದೆ. ಇವುಗಳಿಂದ ಮನಸ್ಸಿನ ಮದ್ದು ಸಿಕ್ಕೀತೆಂಬ ಆಸೆ ವಿಜ್ಞಾನಿಗಳಿಗೆ ಹುಟ್ಟಿದ್ದು ಸಹಜ.

ಆದರೆ ಗಾಜಿನ ಕೊಳವೆಯಿಂದ ಮನುಷ್ಯನ ಮಿದುಳಿನವರೆಗಿನ ದಾರಿ ದೂರದ್ದು. ತಿಂದ ಕ್ವೆರ್ಸೆಟಿನ್ ಕರುಳು, ಯಕೃತ್ತು ದಾಟುವಷ್ಟರಲ್ಲೇ ಬಹುಪಾಲು ರೂಪ ಬದಲಿಸಿಕೊಂಡಿರುತ್ತದೆ. ರಕ್ತಕ್ಕೆ ಸೇರುವುದು ಸ್ವಲ್ಪ, ಅದರಲ್ಲಿ ಮಿದುಳಿಗೆ ಮುಟ್ಟುವುದು ಇನ್ನೂ ಸ್ವಲ್ಪ. ಹೆಚ್ಚಿನ ಪುರಾವೆ ಇಲಿಗಳದ್ದು. ನೀರಿಗೆ ಬಿಟ್ಟ ಇಲಿ ಎಷ್ಟು ಹೊತ್ತು ಈಜಿತು, ಯಾವಾಗ ಕೈಚೆಲ್ಲಿತು ಎಂದು ಅಳೆಯುತ್ತಾರೆ. ಬೆಳಗಾದರೆ ಹಾಸಿಗೆ ಬಿಟ್ಟು ಏಳಲಾಗದ, ಬೆಳೆದ ಬೆಳೆಯ ಕಡೆಗೂ ನೋಡದ ಮನುಷ್ಯನ ಸಂಕಟ ಆ ಅಳತೆಗೆ ಸಿಕ್ಕೀತು ಎಂದು ನನಗೆ ಅನ್ನಿಸುವುದಿಲ್ಲ.

ಮನುಷ್ಯರ ಮೇಲೂ ಪರೀಕ್ಷೆ ನಡೆದಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತಂಕದ ಕಾಯಿಲೆಯ 57 ಜನರಿಗೆ ಎಂಟು ವಾರ ಕ್ಯಾಮೊಮೈಲ್ ಸಾರದ ಕ್ಯಾಪ್ಸೂಲ್ ಅಥವಾ ಸಾರವಿಲ್ಲದ ತೋರಿಕೆಯ ಕ್ಯಾಪ್ಸೂಲ್ ಕೊಟ್ಟರು. ಸಾರ ತೆಗೆದುಕೊಂಡವರಿಗೆ ಸಾಧಾರಣ ಮಟ್ಟದ ಲಾಭ ಕಂಡಿತು. 2016ರ ದೊಡ್ಡ ಅಧ್ಯಯನದಲ್ಲಿ ಲಕ್ಷಣಗಳು ಹತೋಟಿಯಲ್ಲಿ ಉಳಿದರೂ, ಕಾಯಿಲೆ ಮರುಕಳಿಸುವುದನ್ನು ಅದು ತಡೆಯುತ್ತದೆ ಎಂದು ಸಾಬೀತಾಗಲಿಲ್ಲ. ಅದೂ ಅಳತೆಮಾಡಿದ ಸಾರ, ಮನೆಯ ಕಷಾಯವಲ್ಲ.

ಸಿಪ್ಪೆಯ ಬಗ್ಗೆ ಇನ್ನೊಂದು ಮಾತು. ಚೀಲದಲ್ಲಿ ಕೂತ ಉಳ್ಳಾಗಡ್ಡಿಯ ಪೊರೆಯ ಕೆಳಗೆ ಮಸಿಯಂಥ ಕಪ್ಪು ಪುಡಿ ನಿಮಗೆ ಗೊತ್ತೇ ಇದೆ. ಅದು ಬೂಷ್ಟು. ಬೆಳೆಗೆ ಹೊಡೆದ ಔಷಧಿಯ ಉಳಿಕೆಯೂ ಹೊರಪದರದಲ್ಲೇ ಇರಬಹುದು. ಅದನ್ನು ಕುದಿಸಿ ದಿನಾ ಕುಡಿಯುವುದು ಯಾಕೆ? ಹಾಗೆಯೇ, ಗಿಡಮೂಲಿಕೆ ಎಂದ ಮಾತ್ರಕ್ಕೆ ಎಲ್ಲವೂ ಸೌಮ್ಯವಲ್ಲ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಮಾತ್ರೆಯನ್ನು ಖಿನ್ನತೆಯ ಗುಳಿಗೆಯ ಜೊತೆ ಸೇರಿಸಿದರೆ ಜೀವಕ್ಕೇ ಕುತ್ತು ಬಂದೀತು.

ಊಟದ ಉಳ್ಳಾಗಡ್ಡಿ, ಇಂಡಿಯ ಲಿಂಬೆ, ಬಾಗಲಕೋಟೆಯ ದಾಳಿಂಬೆ ಧಾರಾಳವಾಗಿ ತಿನ್ನಲಿ. ಗುಳಿಗೆ ಯಾಕೆ ಬೇಸರವಾಗಿದೆ ಎಂದು ಮಾತ್ರ ಮೆತ್ತಗೆ ಕೇಳಿ. ಹಗಲು ತೂಕಡಿಕೆಯೋ, ಖರ್ಚೋ, ಊರಿನವರು ಆಡುವ ಮಾತೋ? ಮೊದಲೆರಡಕ್ಕೆ ಡಾಕ್ಟರ ಹತ್ತಿರ ದಾರಿ ಇರುತ್ತದೆ, ಗುಳಿಗೆ ಬದಲಿಸಬಹುದು. ಹೋಗಲು ತಡವಾಗುವುದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತೇನಾದರೂ ನಿಮ್ಮ ಮನೆಯವರ ಬಾಯಲ್ಲಿ ಬಂದರೆ ಒಂದು ದಿನವೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಡಾಕ್ಟರ ಹತ್ತಿರ ಹೋಗುವಾಗ ನಮ್ಮ ಆ ಪುಟವನ್ನೂ ಜೊತೆಗೆ ಒಯ್ಯಿರಿ. ತಲೆಬರಹ ತಪ್ಪಿತ್ತೆಂದು ಸಂಪಾದಕನೇ ಒಪ್ಪಿಕೊಂಡಿದ್ದಾನೆ ಅಂತ ಇದನ್ನೂ ನಿಮ್ಮ ಮನೆಯವರಿಗೆ ಓದಿ ಹೇಳಿ.