ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮೆರಿಕದ ಸುಧಾರಕ ಅಧ್ಯಕ್ಷರು ಒಳನಾಡಿನಲ್ಲಿ, ಹೊರನಾಡಿನಲ್ಲಿ

ಪ್ರಶ್ನೆ: ಥಿಯೋಡೋರ್ ರೂಸ್‌ವೆಲ್ಟ್, ವಿಲಿಯಂ ಟಾಫ್ಟ್, ವುಡ್ರೋ ವಿಲ್ಸನ್ ಮೂವರನ್ನೂ ‘ಪ್ರಗತಿಪರ ಅಧ್ಯಕ್ಷರು’ ಎಂದು ಒಂದೇ ಸಾಲಿನಲ್ಲಿ ನಿಲ್ಲಿಸುವುದೇಕೆ? 1912ರ ಚುನಾವಣೆಯಲ್ಲಿ ಅವರು ಪರಸ್ಪರ ಎದುರಾಳಿಗಳಾಗಿದ್ದರಲ್ಲವೇ?

ಉತ್ತರ: ಎದುರಾಳಿಗಳಾಗಿದ್ದರು ನಿಜ, ಆದರೆ ಮೂವರ ಮುಂದಿದ್ದ ಸಮಸ್ಯೆ ಒಂದೇ. ಅಂತರ್ಯುದ್ಧದ ನಂತರದ ದಶಕಗಳಲ್ಲಿ ರೈಲು, ತೈಲ, ಉಕ್ಕು, ತಂಬಾಕು, ಸಕ್ಕರೆಯಂತಹ ಉದ್ಯಮಗಳು ‘ಟ್ರಸ್ಟ್’ ಎಂದು ಕರೆಯಲಾಗುತ್ತಿದ್ದ ಕೆಲವೇ ಕೂಟಗಳ ಹಿಡಿತಕ್ಕೆ ಬಂದಿದ್ದವು. ಅವುಗಳ ಮುಂದೆ ರಾಜ್ಯ ಸರ್ಕಾರಗಳು ದುರ್ಬಲವಾಗಿದ್ದವು. ಕೇಂದ್ರ ಸರ್ಕಾರಕ್ಕಂತೂ ಇಂತಹ ವಿಷಯದಲ್ಲಿ ಕೈಹಾಕುವ ರೂಢಿಯೇ ಇರಲಿಲ್ಲ. ಏಕಸ್ವಾಮ್ಯವನ್ನು ನಿಷೇಧಿಸಿದ 1890ರ ಷರ್ಮನ್ ಕಾಯ್ದೆ ಪುಸ್ತಕದಲ್ಲಿತ್ತು. ಆದರೆ 1894ರ ಪುಲ್‌ಮನ್ ರೈಲು ಮುಷ್ಕರದಲ್ಲಿ ಅದನ್ನು ಪ್ರಯೋಗಿಸಿದ್ದು ಕಾರ್ಮಿಕರ ಮೇಲೆ.

1901ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಮೆಕಿನ್ಲಿ ಗುಂಡೇಟಿನಿಂದ ಸತ್ತಾಗ ಉಪಾಧ್ಯಕ್ಷರಾಗಿದ್ದ ರೂಸ್‌ವೆಲ್ಟ್ 42ನೆಯ ವಯಸ್ಸಿನಲ್ಲಿ ಅಧಿಕಾರಕ್ಕೆ ಬಂದರು. ಮರುವರ್ಷವೇ ಅವರು ಬ್ಯಾಂಕರ್ ಜೆ. ಪಿ. ಮಾರ್ಗನ್ ಮತ್ತು ಸಂಗಡಿಗರ ನಾರ್ದರ್ನ್ ಸೆಕ್ಯುರಿಟೀಸ್ ಎಂಬ ರೈಲು ಕೂಟದ ಮೇಲೆ ಮೊಕದ್ದಮೆ ಹೂಡಿಸಿದರು. 1904ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಆ ಕೂಟವನ್ನು ಒಡೆಯಿತು.

ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ತಿರುವು 1902ರ ಪೆನ್ಸಿಲ್ವೇನಿಯಾ ಕಲ್ಲಿದ್ದಲು ಮುಷ್ಕರದಲ್ಲಿ ಬಂದಿತು. ಸುಮಾರು 1,40,000 ಗಣಿ ಕಾರ್ಮಿಕರು ಮೇ ತಿಂಗಳಿನಿಂದ ಕೆಲಸ ನಿಲ್ಲಿಸಿದ್ದರು. ಚಳಿಗಾಲ ಹತ್ತಿರವಾಗುತ್ತಿತ್ತು, ಪೂರ್ವದ ನಗರಗಳಲ್ಲಿ ಮನೆ ಬೆಚ್ಚಗಿಡಲು ಇದ್ದಲಿರಲಿಲ್ಲ, ಮಾಲೀಕರು ಸಂಘದ ಮುಖಂಡರೊಡನೆ ಮಾತನಾಡಲೂ ಸಿದ್ಧರಿರಲಿಲ್ಲ. ಹಿಂದಿನ ಅಧ್ಯಕ್ಷರು ಇಂತಹ ಸಂದರ್ಭದಲ್ಲಿ ಸೈನ್ಯ ಕಳಿಸಿದ್ದರೆ ಅದು ಮುಷ್ಕರವನ್ನು ಮುರಿಯಲೆಂದೇ. ರೂಸ್‌ವೆಲ್ಟ್ ಎರಡೂ ಕಡೆಯವರನ್ನು ವಾಷಿಂಗ್ಟನ್ನಿಗೆ ಕರೆಸಿದರು. ಮಾಲೀಕರು ಮಣಿಯದಿದ್ದಾಗ, ಸೈನ್ಯವನ್ನೇ ಕಳಿಸಿ ಗಣಿಗಳನ್ನು ಸರ್ಕಾರವೇ ನಡೆಸುವ ಯೋಚನೆ ಅವರ ಕಿವಿಗೆ ಬೀಳುವಂತೆ ಮಾಡಿದರು. ಕೊನೆಗೆ ನೇಮಕವಾದ ಆಯೋಗವು ಶೇ 10ರಷ್ಟು ಕೂಲಿ ಹೆಚ್ಚಿಸಿತು, ಬಹುಪಾಲು ಕಾರ್ಮಿಕರ ದಿನದ ದುಡಿಮೆಯನ್ನು 10 ಗಂಟೆಯಿಂದ 9ಕ್ಕೆ ಇಳಿಸಿತು. ಸಂಘಕ್ಕೆ ಮಾನ್ಯತೆ ಸಿಗಲಿಲ್ಲ. ಅಷ್ಟರಮಟ್ಟಿಗೆ ಅದು ಅರೆಗೆಲುವು. ಆದರೂ ಬಂಡವಾಳ ಮತ್ತು ದುಡಿಮೆಯ ನಡುವೆ ಸರ್ಕಾರ ಮೂರನೆಯ ಪಕ್ಷವಾಗಿ ನಿಲ್ಲಬಹುದೆಂಬ ವಿಚಾರ ಅಲ್ಲಿಂದ ಬೇರುಬಿಟ್ಟಿತು. ಟಾಫ್ಟ್ ಮತ್ತು ವಿಲ್ಸನ್ ನಡೆದದ್ದು ಈ ಹಾದಿಯಲ್ಲೇ. 1906ರಲ್ಲಿ ಬಂದ ರೈಲು ದರ ನಿಯಂತ್ರಣ, ಮಾಂಸ ತಪಾಸಣೆ, ಶುದ್ಧ ಆಹಾರ ಮತ್ತು ಔಷಧ ಕಾಯ್ದೆಗಳು, ಕೋಟಿಗಟ್ಟಲೆ ಎಕರೆ ಅರಣ್ಯವನ್ನು ಸರ್ಕಾರದ ರಕ್ಷಣೆಗೆ ತಂದ ಕ್ರಮಗಳು ಎಲ್ಲವೂ ಇದೇ ವಿಚಾರದ ವಿಸ್ತರಣೆ.

ಪ್ರಶ್ನೆ: ಟಾಫ್ಟ್ ಹೆಚ್ಚು ಟ್ರಸ್ಟ್‌ಗಳ ಮೇಲೆ ಮೊಕದ್ದಮೆ ಹೂಡಿದರೆಂದು ಓದಿದ್ದೇನೆ. ಹಾಗಿದ್ದರೂ ಕೀರ್ತಿ ರೂಸ್‌ವೆಲ್ಟ್ ಅವರಿಗೆ ಹೋದದ್ದೇಕೆ?

ಉತ್ತರ: ನೀವು ಓದಿದ್ದು ಸರಿ. ರೂಸ್‌ವೆಲ್ಟ್ ಏಳೂವರೆ ವರ್ಷಗಳಲ್ಲಿ ಹೂಡಿದ್ದಕ್ಕಿಂತ ಸುಮಾರು ಎರಡು ಪಟ್ಟು ಮೊಕದ್ದಮೆಗಳನ್ನು ಟಾಫ್ಟ್ ನಾಲ್ಕೇ ವರ್ಷಗಳಲ್ಲಿ ಹೂಡಿದರು. ಆದರೆ ಅವರದು ನ್ಯಾಯಾಧೀಶರ ಮನಸ್ಸು. ಏಕಸ್ವಾಮ್ಯ ಕಾನೂನಿಗೆ ವಿರುದ್ಧವೆಂದ ಮೇಲೆ ಯಾರನ್ನೂ ಬಿಡಬಾರದು ಎಂಬುದು ಅವರ ನಿಲುವಾದರೆ, ‘ಒಳ್ಳೆಯ’ ಟ್ರಸ್ಟನ್ನು ನಿಯಂತ್ರಿಸಿ ‘ಕೆಟ್ಟ’ದ್ದನ್ನು ಮಾತ್ರ ಒಡೆಯಬೇಕು ಎಂಬುದು ರೂಸ್‌ವೆಲ್ಟ್ ನಿಲುವು. ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದಾಗ ಒಪ್ಪಿಗೆ ಕೊಟ್ಟಿದ್ದ ಒಂದು ಖರೀದಿಯನ್ನೂ ಎತ್ತಿ ಆಡಿ ಟಾಫ್ಟ್ ಸರ್ಕಾರ 1911ರಲ್ಲಿ ಯು. ಎಸ್. ಸ್ಟೀಲ್ ಮೇಲೆ ಮೊಕದ್ದಮೆ ಹೂಡಿದಾಗ ಹಳೆಯ ಸ್ನೇಹ ಮುರಿದುಬಿತ್ತು. ಜನರ ಮುಂದೆ ನಿಂತು ಮಾತನಾಡುವ ಕಲೆ ಟಾಫ್ಟ್‌ಗೆ ಒಲಿದಿರಲಿಲ್ಲ. 1912ರಲ್ಲಿ ಇವರಿಬ್ಬರ ಪಕ್ಷವಾದ ರಿಪಬ್ಲಿಕನ್ ಪಕ್ಷ ಒಡೆದು ನಿಂತಿತು; ಟಾಫ್ಟ್‌ಗೆ 8, ರೂಸ್‌ವೆಲ್ಟ್‌ಗೆ 88, ಡೆಮಾಕ್ರಟಿಕ್ ಪಕ್ಷದ ವಿಲ್ಸನ್‌ಗೆ 435 ಚುನಾಯಕ ಮತಗಳು (ಅಧ್ಯಕ್ಷರನ್ನು ಆರಿಸುವ ರಾಜ್ಯವಾರು ಪ್ರತಿನಿಧಿಗಳ ಮತಗಳು) ಬಂದವು.

ಪ್ರಶ್ನೆ: ವಿಲ್ಸನ್ ಅವರ ಒಳನಾಡ ನೀತಿಯಲ್ಲಿ ಇಂದಿಗೂ ಉಳಿದಿರುವುದೇನು? ಅವರನ್ನು ಕಪ್ಪು ಜನರ ವಿರೋಧಿಯೆಂದು ಟೀಕಿಸುವುದು ನ್ಯಾಯವೇ?

ಉತ್ತರ: ಉಳಿದಿರುವುದು ಬಹಳ. 1913ರ ಫೆಬ್ರವರಿಯಲ್ಲಿ, ಕೇಂದ್ರ ಸರ್ಕಾರ ಆದಾಯ ತೆರಿಗೆ ವಿಧಿಸಲು ದಾರಿ ಮಾಡಿದ ಸಂವಿಧಾನದ 16ನೆಯ ತಿದ್ದುಪಡಿ ಅಂಗೀಕಾರವಾಗಿತ್ತು. ಅದರ ಬಲದಿಂದ ವಿಲ್ಸನ್ ಆಮದು ಸುಂಕವನ್ನು ತಗ್ಗಿಸಿ, ಹೆಚ್ಚು ಗಳಿಸುವವರ ಮೇಲೆ ಆದಾಯ ತೆರಿಗೆ ತಂದರು. ಸಾಮಾನ್ಯ ಕೊಳ್ಳುವವನ ತಲೆಯ ಮೇಲಿದ್ದ ಹೊರೆಯನ್ನು ಗಳಿಕೆಯುಳ್ಳವನ ಕಡೆಗೆ ಸರಿಸಿದ ಕ್ರಮವಿದು. ಅದೇ ವರ್ಷದ ಡಿಸೆಂಬರಿನಲ್ಲಿ 12 ಪ್ರಾದೇಶಿಕ ಬ್ಯಾಂಕುಗಳ ಫೆಡರಲ್ ರಿಸರ್ವ್ ಎಂಬ ಕೇಂದ್ರ ಬ್ಯಾಂಕ್ ವ್ಯವಸ್ಥೆಗೆ, ಮರುವರ್ಷ ವ್ಯಾಪಾರದಲ್ಲಿನ ಅನ್ಯಾಯದ ಪೈಪೋಟಿಯನ್ನು ತಡೆಯುವ ಫೆಡರಲ್ ಟ್ರೇಡ್ ಕಮಿಷನ್‌ಗೆ ಕಾನೂನು ಬಂದಿತು. 1916ರಲ್ಲಿ ರೈಲು ನೌಕರರಿಗೆ 8 ಗಂಟೆಗಳ ದುಡಿಮೆ ನಿಗದಿಯಾಯಿತು. ಬಾಲಕಾರ್ಮಿಕರ ಸರಕಿನ ಅಂತರರಾಜ್ಯ ಸಾಗಣೆಯನ್ನು ತಡೆದ ಕಾಯ್ದೆಯೂ ಅದೇ ವರ್ಷದ್ದು. 1918ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು.

ಟೀಕೆ ನ್ಯಾಯವಾದದ್ದೇ. 1913ರಿಂದ ಅಂಚೆ ಮತ್ತು ಖಜಾನೆ ಇಲಾಖೆಗಳಲ್ಲಿ ಕಪ್ಪು ನೌಕರರನ್ನು ಬಿಳಿಯರಿಂದ ಬೇರ್ಪಡಿಸಿ ಕೂರಿಸುವ ವ್ಯವಸ್ಥೆಗೆ ವಿಲ್ಸನ್ ಅವರ ಮಂತ್ರಿಗಳು ಚಾಲನೆ ಕೊಟ್ಟರು, ಅಧ್ಯಕ್ಷರು ಅದನ್ನು ಸಮರ್ಥಿಸಿದರು. 1914ರಲ್ಲಿ ಕಪ್ಪು ಪತ್ರಿಕಾ ಸಂಪಾದಕ ವಿಲಿಯಂ ಮನ್ರೋ ಟ್ರಾಟರ್ ನಿಯೋಗದೊಡನೆ ಶ್ವೇತಭವನಕ್ಕೆ ಹೋಗಿ ಪ್ರತಿಭಟಿಸಿದಾಗ, ಅವರ ಮಾತಿನ ಧಾಟಿ ಸರಿಯಿಲ್ಲವೆಂದು ವಿಲ್ಸನ್ ಭೇಟಿಯನ್ನೇ ಮುಗಿಸಿದರು. ‘ಆ ಕಾಲವೇ ಹಾಗಿತ್ತು’ ಎಂಬ ಸಮಜಾಯಿಷಿಯನ್ನು ನಾನು ಒಪ್ಪಲಾರೆ, ಏಕೆಂದರೆ ಟ್ರಾಟರ್ ಅವರೂ ಆ ಕಾಲದವರೇ. ರೂಸ್‌ವೆಲ್ಟ್ ಕೂಡ ಈ ವಿಷಯದಲ್ಲಿ ಕಳಂಕವಿಲ್ಲದವರಲ್ಲ: 1906ರಲ್ಲಿ ಟೆಕ್ಸಾಸಿನ ಬ್ರೌನ್ಸ್‌ವಿಲ್‌ನಲ್ಲಿ ನಡೆದ ಗುಂಡು ಹಾರಾಟಕ್ಕಾಗಿ, ವಿಚಾರಣೆಯೇ ಇಲ್ಲದೆ 167 ಕಪ್ಪು ಸೈನಿಕರನ್ನು ಅವರು ವಜಾ ಮಾಡಿದ್ದರು.

ಪ್ರಶ್ನೆ: ಸ್ವದೇಶದಲ್ಲಿ ಬಡವರ ಪರ ನಿಂತವರು ಸಣ್ಣ ದೇಶಗಳ ಮೇಲೆ ಸೈನ್ಯ ಕಳಿಸಿದ್ದು ವಿರೋಧಾಭಾಸವಲ್ಲವೇ?

ಉತ್ತರ: ಹೆಚ್ಚಿನವರು ಹಾಗೆಯೇ ಭಾವಿಸುತ್ತಾರೆ. ನನಗೆ ಅವೆರಡೂ ಒಂದೇ ನಂಬಿಕೆಯಿಂದ ಹುಟ್ಟಿದವು ಎನಿಸುತ್ತದೆ: ತಿಳಿದವರ ಕೈಯಲ್ಲಿ ಬಲವಾದ ಅಧಿಕಾರವಿದ್ದರೆ ಅವ್ಯವಸ್ಥೆಯನ್ನು ಸರಿಪಡಿಸಬಹುದು ಎಂಬ ನಂಬಿಕೆ. ಒಳನಾಡಿನಲ್ಲಿ ಆ ಅಧಿಕಾರಕ್ಕೆ ಮತದಾರ, ಪತ್ರಿಕೆ, ನ್ಯಾಯಾಲಯ, ಕಾಂಗ್ರೆಸ್ (ಅಮೆರಿಕದ ಸಂಸತ್ತು) ಇವುಗಳ ಲಗಾಮಿತ್ತು. ಹೊರಗೆ ಅಂತಹದ್ದು ಇಲ್ಲವೆಂಬಷ್ಟು ಕಡಿಮೆ.

ಆಗ ಅಮೆರಿಕದ ಆಳ್ವಿಕೆಯಲ್ಲಿದ್ದ ಫಿಲಿಪ್ಪೀನ್ಸ್ ನೋಡಿ. ಅಧ್ಯಕ್ಷರಾಗುವ ಮೊದಲು ಟಾಫ್ಟ್ ಅಲ್ಲಿ ಗವರ್ನರ್ ಆಗಿದ್ದರು. ಶಾಲೆಗಳಿಗೂ ಸಾರ್ವಜನಿಕ ಆರೋಗ್ಯಕ್ಕೂ ಅಲ್ಲಿನ ಆಡಳಿತ ಶ್ರಮಿಸಿತು. ಕ್ಯಾಥೊಲಿಕ್ ಸನ್ಯಾಸಿ ಸಂಘಗಳ ಸುಮಾರು 4 ಲಕ್ಷ ಎಕರೆ ಭೂಮಿಯನ್ನು ಕೊಂಡಿತು. ಅದೇ ಹೊತ್ತಿನಲ್ಲಿ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರನ್ನು ಸೈನ್ಯ ಕ್ರೂರವಾಗಿ ಹತ್ತಿಕ್ಕಿತು. ಚಿತ್ರಹಿಂಸೆಯ ಆರೋಪಗಳನ್ನು 1902ರಲ್ಲಿ ಸೆನೆಟ್ ಸಮಿತಿಯೇ ವಿಚಾರಿಸಬೇಕಾಯಿತು. ಆ ದೇಶ ಸ್ವತಂತ್ರವಾದದ್ದು 1946ರಲ್ಲಿ.

ಪನಾಮ ಇನ್ನೊಂದು ಉದಾಹರಣೆ. ಅದು ಆಗ ಕೊಲಂಬಿಯಾದ ಭಾಗವಾಗಿತ್ತು. ಅಲ್ಲಿ ಅಮೆರಿಕ ಕಾಲುವೆ ತೋಡುವ ಒಪ್ಪಂದವನ್ನು ಕೊಲಂಬಿಯಾದ ಸೆನೆಟ್ ತಿರಸ್ಕರಿಸಿದ ಮೇಲೆ, 1903ರ ನವೆಂಬರಿನಲ್ಲಿ ಪನಾಮ ಪ್ರತ್ಯೇಕವಾಯಿತು. ಕೊಲಂಬಿಯಾದ ಪಡೆಗಳು ಅದನ್ನು ಹತ್ತಿಕ್ಕದಂತೆ ಅಮೆರಿಕದ ಯುದ್ಧನೌಕೆಗಳು ಕಾವಲು ನಿಂತವು. ಹೊಸ ದೇಶಕ್ಕೆ 1 ಕೋಟಿ ಡಾಲರ್ ಮತ್ತು ವಾರ್ಷಿಕ 2,50,000 ಡಾಲರ್ ಕೊಟ್ಟು ಕಾಲುವೆ ಪ್ರದೇಶವನ್ನು ಪಡೆಯಲಾಯಿತು. 1921ರಲ್ಲಿ ಅಮೆರಿಕ ಕೊಲಂಬಿಯಾಕ್ಕೆ ಎರಡೂವರೆ ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿತೆಂಬುದೇ ಆ ವ್ಯವಹಾರ ಎಷ್ಟು ಸರಿಯಿತ್ತೆಂದು ಹೇಳುತ್ತದೆ. ಹೀಗೆಂದ ಮಾತ್ರಕ್ಕೆ ರೂಸ್‌ವೆಲ್ಟ್ ಅವರನ್ನು ಬರಿಯ ಯುದ್ಧಪ್ರೇಮಿ ಎನ್ನಲಾಗದು. 1905ರಲ್ಲಿ ರಷ್ಯಾ–ಜಪಾನ್ ಯುದ್ಧವನ್ನು ಸಂಧಾನದಿಂದ ಮುಗಿಸಿದ್ದಕ್ಕಾಗಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು. ಬಲಿಷ್ಠ ರಾಷ್ಟ್ರಗಳೊಡನೆ ಸಂಧಾನ, ದುರ್ಬಲರೊಡನೆ ಆಜ್ಞೆ ಎಂಬುದು ಅವರ ರೀತಿಯಾಗಿತ್ತು.

ಮನಸ್ಸಿಗೆ ತೀರ ನೋವಾಗುವುದು ಹೈಟಿಯ ಕಥೆಯನ್ನು ಓದುವಾಗ. 1915ರಲ್ಲಿ ವಿಲ್ಸನ್ ಕಳಿಸಿದ ಮರೀನ್ ಪಡೆ ಅಲ್ಲಿ 1934ರವರೆಗೆ ಉಳಿಯಿತು. ರಸ್ತೆ ನಿರ್ಮಾಣಕ್ಕೆಂದು ಅಲ್ಲಿನ ಹಳೆಯ ಬಿಟ್ಟಿದುಡಿಮೆಯ ಕಾನೂನನ್ನು ಮತ್ತೆ ಜಾರಿಗೆ ತಂದು ರೈತರನ್ನು ಬಲವಂತವಾಗಿ ದುಡಿಸಲಾಯಿತು. ಅದರ ವಿರುದ್ಧ ದಂಗೆಯೆದ್ದವರ ನಾಯಕ ಶಾರ್ಲಮೇನ್ ಪೆರಾಲ್ಟ್ ಅವರನ್ನು 1919ರಲ್ಲಿ ಕೊಲ್ಲಲಾಯಿತು. ತನ್ನ ದೇಶದ ಮಕ್ಕಳನ್ನು ಕಾರ್ಖಾನೆಯಿಂದ ಬಿಡಿಸಲು ಕಾನೂನು ತಂದ ಸರ್ಕಾರದ ಅವಧಿಯಲ್ಲಿಯೇ ಇದು ನಡೆಯಿತು. ಪೆನ್ಸಿಲ್ವೇನಿಯಾದ ಗಣಿ ಕಾರ್ಮಿಕನಿಗೆ ಸಂಘವಿತ್ತು, ಮತವಿತ್ತು. ಹೈಟಿಯ ರೈತನ ಮಾತನ್ನು ವಾಷಿಂಗ್ಟನ್ನಿನಲ್ಲಿ ಕೇಳಲೇಬೇಕಾದವರು ಯಾರೂ ಇರಲಿಲ್ಲ.

ಪ್ರಶ್ನೆ: ಲೀಗ್ ಆಫ್ ನೇಷನ್ಸ್ ಕಲ್ಪನೆ ವಿಲ್ಸನ್ ಅವರದಾದರೂ ಅಮೆರಿಕವೇ ಏಕೆ ಸೇರಲಿಲ್ಲ?

ಉತ್ತರ: ಮೊದಲ ಮಹಾಯುದ್ಧದ ನಂತರ ಶಾಂತಿ ಕಾಯಲೆಂದು ಕಟ್ಟಿದ ರಾಷ್ಟ್ರಗಳ ಸಂಘವಾದ ಲೀಗನ್ನು ಸೇರುವ ಒಪ್ಪಂದವನ್ನು ಅಮೆರಿಕದ ಸೆನೆಟ್ ಮೂರನೆಯ ಎರಡರಷ್ಟು ಬಹುಮತದಿಂದ ಒಪ್ಪಬೇಕಿತ್ತು. ಹೆನ್ರಿ ಕ್ಯಾಬಟ್ ಲಾಜ್ ನೇತೃತ್ವದ ರಿಪಬ್ಲಿಕನ್ನರು ಕೆಲವು ಷರತ್ತುಗಳನ್ನು ಸೇರಿಸಬೇಕೆಂದರು, ವಿಲ್ಸನ್ ಯಾವುದಕ್ಕೂ ಮಣಿಯಲಿಲ್ಲ. 1919ರ ಅಕ್ಟೋಬರಿನಲ್ಲಿ ಪಾರ್ಶ್ವವಾಯು ಬಡಿದ ಮೇಲಂತೂ ಹಟ ಇನ್ನಷ್ಟು ಬಿಗಿಯಾಯಿತು. ಷರತ್ತುಗಳನ್ನು ಸೇರಿಸಿದ್ದ ಒಪ್ಪಂದದ ಮೇಲೆ 1920ರ ಮಾರ್ಚಿನಲ್ಲಿ ನಡೆದ ಕೊನೆಯ ಮತದಾನದಲ್ಲಿ ಪರವಾಗಿ 49, ವಿರುದ್ಧ 35 ಮತಗಳು ಬಂದವು. ಏಳು ಮತ ಕಡಿಮೆಯಾದವು. ಷರತ್ತುಗಳೊಡನೆಯೇ ಒಪ್ಪಿಕೊಳ್ಳಿರೆಂದು ವಿಲ್ಸನ್ ತಮ್ಮ ಪಕ್ಷದವರಿಗೆ ಹೇಳಿದ್ದರೆ ಅಮೆರಿಕ ಬಹುಶಃ ಲೀಗ್ ಸೇರುತ್ತಿತ್ತು.

ಪ್ರಶ್ನೆ: ನಂತರದ ಸುಧಾರಕರಲ್ಲೂ ಈ ಎರಡು ಮುಖಗಳು ಕಾಣುತ್ತವೆಯೇ?

ಉತ್ತರ: ಫ್ರಾಂಕ್ಲಿನ್ ರೂಸ್‌ವೆಲ್ಟ್ ಹೊರನಾಡ ನೀತಿಯಲ್ಲಿ ಕೆಲವು ಹಳೆಯ ತಪ್ಪುಗಳನ್ನು ತಿದ್ದಿದರು, ಹೈಟಿಯಿಂದ ಸೈನ್ಯವನ್ನು ಹಿಂದಕ್ಕೆ ಕರೆಸಿದವರು ಅವರೇ. ಅವರ ಲೋಪಗಳು ಒಳನಾಡಿನವು. 1935ರ ಸಾಮಾಜಿಕ ಭದ್ರತಾ ಕಾಯ್ದೆಯ ಪಿಂಚಣಿಯಿಂದ ಕೃಷಿ ಕೂಲಿಗಳು ಮತ್ತು ಮನೆಗೆಲಸದವರು ಹೊರಗುಳಿದರು. ದಕ್ಷಿಣದ ಕಪ್ಪು ದುಡಿಮೆಗಾರರಲ್ಲಿ ಬಹುಪಾಲು ಈ ಎರಡು ಕೆಲಸಗಳವರು. 1942ರಲ್ಲಿ ಅವರ ಆದೇಶದಂತೆ ಸುಮಾರು 1,20,000 ಜಪಾನೀ ಮೂಲದವರನ್ನು ಶಿಬಿರಗಳಿಗೆ ತಳ್ಳಲಾಯಿತು. ಅವರಲ್ಲಿ ಮೂರನೆಯ ಎರಡರಷ್ಟು ಜನ ಅಮೆರಿಕದ ಪ್ರಜೆಗಳೇ ಆಗಿದ್ದರು.

ಲಿಂಡನ್ ಜಾನ್ಸನ್ ಅವರಲ್ಲಿ ಎರಡು ಮುಖಗಳು ಹತ್ತೇ ದಿನಗಳಲ್ಲಿ ಕಾಣಿಸಿಕೊಂಡವು. 1965ರ ಜುಲೈ 28ರಂದು ಅವರು ವಿಯೆಟ್ನಾಂನ ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುವುದಾಗಿ ಘೋಷಿಸಿದರು. ಜುಲೈ 30ರಂದು ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್ ಕಾಯ್ದೆಗೆ, ಆಗಸ್ಟ್ 6ರಂದು ಕಪ್ಪು ಜನರ ಮತದಾನದ ಹಕ್ಕನ್ನು ರಕ್ಷಿಸುವ ಕಾಯ್ದೆಗೆ ಸಹಿ ಹಾಕಿದರು. ಎರಡನ್ನೂ ನಿಭಾಯಿಸುವಷ್ಟು ದೇಶ ಶ್ರೀಮಂತವಾಗಿದೆಯೆಂದು ಅವರು ನಂಬಿದ್ದರು. ಮೂರು ವರ್ಷಗಳಲ್ಲಿ ಸೈನಿಕರ ಸಂಖ್ಯೆ ಐದು ಲಕ್ಷ ದಾಟಿತು. ಯುದ್ಧದ ವೆಚ್ಚ ಭರಿಸಲು ಅವರು 1967ರಲ್ಲಿ ಶೇ 10ರ ಹೆಚ್ಚುವರಿ ತೆರಿಗೆಯನ್ನು ಕೇಳಿದರು. ಸರ್ಕಾರದ ಖರ್ಚಿನಲ್ಲಿ 600 ಕೋಟಿ ಡಾಲರ್ ಕಡಿತ ಮಾಡಬೇಕೆಂಬ ಷರತ್ತಿನ ಮೇಲೆಯೇ ಕಾಂಗ್ರೆಸ್ 1968ರಲ್ಲಿ ಅದನ್ನು ಕೊಟ್ಟಿತು, ಜಾನ್ಸನ್ ಒಪ್ಪಿಕೊಳ್ಳಬೇಕಾಯಿತು.